ದರಕಿನಿಂದ ಶುರುವಾಗುವ ಬಯೋಮ್ ಪಾಠ

ಹೈಸ್ಕೂಲು ಮಕ್ಕಳಿಗೆ ಬಯೋಮ್ (ಒಂದೇ ಬಗೆಯ ಹವೆ, ಗಿಡಮರ, ಪ್ರಾಣಿಗಳಿರುವ ದೊಡ್ಡ ವಲಯ) ಪಾಠ ಮಾಡುವಾಗ ಹಿಮಕರಡಿ, ಸಿಂಹ, ಒಂಟೆಯ ಚಿತ್ರಗಳನ್ನು ನಾನು ಮೊದಲು ತೋರಿಸುವುದಿಲ್ಲ. ಪ್ರಾಣಿ ಮೊದಲು ಬಂದರೆ ತಲೆಯಲ್ಲಿ ಪ್ರಾಣಿ ಮಾತ್ರ ಉಳಿಯುತ್ತದೆ. ಒಂದು ಕಡೆ ಕಾಡು, ಒಂದು ಕಡೆ ಬರೀ ಹುಲ್ಲು, ಇನ್ನೊಂದು ಕಡೆ ಮರಳು ಯಾಕೆ ಅನ್ನುವ ಪ್ರಶ್ನೆ ಏಳುವುದೇ ಇಲ್ಲ. ನನಗೆ ಬೇಕಾದದ್ದು ಆ ಪ್ರಶ್ನೆ.

ಶಿರಸಿಯಲ್ಲಿ ಕಲಿಸುವವರಿಗೆ ಇದು ಸುಲಭ. ದೇವಿಮನೆ ಘಟ್ಟ ಇಳಿದರೆ ಕುಮಟಾ, ಇನ್ನೊಂದು ದಿಕ್ಕಿಗೆ ಹೋದರೆ ಮುಂಡಗೋಡ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ. ಮುಂಡಗೋಡದಲ್ಲಿ ಅದರ ಅರ್ಧವೂ ಬೀಳುವುದಿಲ್ಲ. ಬೇಸಿಗೆ ಹತ್ತಿರವಾದಾಗ ಯಾವ ಕಡೆಯ ಕಾಡು ಬೋಳಾಗುತ್ತದೆ ಎಂದು ಕೇಳಿದರೆ ಮಕ್ಕಳು ತಟ್ಟನೆ ಹೇಳುತ್ತಾರೆ. ಬಸ್ಸಿನ ಕಿಟಕಿಯಿಂದ ನೋಡಿರುತ್ತಾರಲ್ವಾ!

ಆಮೇಲೆ ಅವರವರ ಊರಿನ ದರಕು, ಅಂದರೆ ಮರದಿಂದ ಉದುರಿದ ಒಣ ಎಲೆ, ತರಲು ಹೇಳುತ್ತೇನೆ. ಮುಂಡಗೋಡ ಕಡೆಯಿಂದ ಸಾಗವಾನಿಯ ದೊಡ್ಡ ಎಲೆ ಬರುತ್ತದೆ. ಘಟ್ಟದ ಅಂಚಿನ ಕಾಡಿನಿಂದ ದಪ್ಪಗಿನ, ತುದಿ ಚೂಪಾದ ಎಲೆಗಳು. ಆ ಚೂಪು ತುದಿಯಿಂದ ಮಳೆನೀರು ಬೇಗ ಇಳಿದುಹೋಗುತ್ತದೆ. ಕಾರವಾರದ ಕಡಲತೀರದಿಂದ ಯಾರಾದರೂ ಗಾಳಿಮರದ ಎಳೆ ತಂದೇ ತರುತ್ತಾರೆ. "ಸರ್, ಇದು ಸೂಜಿ ಎಲೆ. ಹಾಗಾದ್ರೆ ಕಾರವಾರದಲ್ಲೂ ಟೈಗಾ ಇದೆಯಾ?" ಒಳ್ಳೆಯ ಪ್ರಶ್ನೆ. ಟೈಗಾ ಅಂದರೆ ಉತ್ತರದ ಚಳಿ ನಾಡಿನ, ಸೂಜಿ ಎಲೆಯ ಮರಗಳ ಕಾಡು. ಗಾಳಿಮರ ಪೈನ್ ಜಾತಿಯದಲ್ಲ. ಸೂಜಿಯ ಹಾಗೆ ಕಾಣುವುದು ಅದರ ಎಲೆಯೂ ಅಲ್ಲ, ಸಣ್ಣ ರೆಂಬೆ. ಗಂಟುಗಂಟಿನಲ್ಲಿ ಹಲ್ಲಿನಂತೆ ಇರುವ ಚೂರುಗಳೇ ನಿಜವಾದ ಎಲೆ. ಭೂತಗನ್ನಡಿ ಕೊಟ್ಟರೆ ಅವರೇ ಕಂಡುಕೊಳ್ಳುತ್ತಾರೆ.

ಇಷ್ಟಾದ ಮೇಲೆ ದೂರದ ಊರಿಗೆ ಹೋಗುತ್ತೇವೆ. ಹೆಸರು ಬರೆಯದ ಕಾರ್ಡುಗಳಲ್ಲಿ ತಿಂಗಳುವಾರು ಮಳೆ ಮತ್ತು ತಾಪಮಾನ ಮಾತ್ರ ಇರುತ್ತದೆ. ಅಲ್ಲಿ ಏನು ಬೆಳೆಯಬಹುದು ಎಂದು ಮಕ್ಕಳೇ ಹೇಳಬೇಕು. ಪಾಠದ ಜೀವ ಇರುವುದು ಇಲ್ಲೇ.

ಒಂದು ಕಾರ್ಡು ಬ್ರೆಜಿಲ್‌ನ ಮನೌಸ್ ನಗರದ್ದು, ಅಮೆಜಾನ್ ಕಾಡಿನ ನಡುವೆ ಇದೆ. ಅಲ್ಲಿ ವರ್ಷಕ್ಕೆ ಸುಮಾರು 2300 ಮಿ.ಮೀ. ಮಳೆ, ಕಾರವಾರಕ್ಕಿಂತ ಕಡಿಮೆ! ಮಕ್ಕಳಿಗೆ ನಂಬಿಕೆಯೇ ಬರುವುದಿಲ್ಲ. ಆಗ ತಿಂಗಳುಗಳನ್ನು ನೋಡಿ ಅನ್ನುತ್ತೇನೆ. ನಮ್ಮದು ಹೆಚ್ಚುಕಡಿಮೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುತ್ತದೆ. ಅಲ್ಲಿ ಒಣ ತಿಂಗಳಲ್ಲೂ ಒಂದಿಷ್ಟು ಬೀಳುತ್ತದೆ. ಎಷ್ಟು ಮಳೆ ಅನ್ನುವಷ್ಟೇ ಮುಖ್ಯ ಯಾವಾಗ ಮಳೆ ಅನ್ನುವುದು. ನಮ್ಮಲ್ಲೂ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ಜಾಗದಲ್ಲಿ ಹಳ್ಳದ ತೇವ ಬೇಸಿಗೆಯಲ್ಲೂ ಆರುವುದಿಲ್ಲ. ಅಲ್ಲಿನ ಜೌಗಿನಲ್ಲಿ ರಾಮಪತ್ರೆ ಜಾತಿಯ ಮರಗಳು ಉಸಿರಾಡಲು ಬೇರನ್ನು ಮಂಡಿಯಂತೆ ಮಡಚಿ ಮೇಲೆತ್ತಿರುತ್ತವೆ.

ಇನ್ನೊಂದು ಕಾರ್ಡು ಸೈಬೀರಿಯಾದ ಯಾಕುಟ್ಸ್ಕ್‌ನದು. ಮಳೆ, ಹಿಮ ಎಲ್ಲ ಸೇರಿ ವರ್ಷಕ್ಕೆ 250 ಮಿ.ಮೀ. ಒಳಗೆ. ಅಷ್ಟು ಕಡಿಮೆ ಇದ್ದರೆ ಮರುಭೂಮಿ ಎಂದು ಪುಸ್ತಕದಲ್ಲಿ ಓದಿರುತ್ತಾರೆ, ಹಾಗೇ ಬರೆಯುತ್ತಾರೆ. ಆದರೆ ಅಲ್ಲಿರುವುದು ಲಾರ್ಚ್ ಎಂಬ ಸೂಜಿ ಎಲೆಯ ಮರಗಳ ಕಾಡು, ಅಂದರೆ ಟೈಗಾ. ಉತ್ತರವನ್ನು ನಾನು ಕೂಡಲೇ ಕೊಡುವುದಿಲ್ಲ. ಜನವರಿಯ ತಾಪಮಾನ ನೋಡಲು ಹೇಳುತ್ತೇನೆ: ಸರಾಸರಿ ಸೊನ್ನೆಗಿಂತ 35 ಡಿಗ್ರಿಗೂ ಕೆಳಗೆ. ಅಂಥ ಚಳಿಯ ನಾಡಿನಲ್ಲಿ ನೀರು ಆವಿಯಾಗುವುದು ಕಡಿಮೆ. ನೆಲದಡಿಯ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುವುದರಿಂದ ನೀರು ಆಳಕ್ಕೆ ಇಂಗುವುದೂ ಇಲ್ಲ. ಬಿದ್ದ ಸ್ವಲ್ಪ ನೀರೇ ಮರಕ್ಕೆ ಸಾಕಾಗುತ್ತದೆ. ಅಷ್ಟೇ ಮಳೆ ಸಹಾರಾದಂಥ ಬಿಸಿಲಿನಲ್ಲಿ ಬಿದ್ದರೆ ಏನಾದೀತು ಎಂದು ಆಮೇಲೆ ಕೇಳಬೇಕಾಗುವುದೇ ಇಲ್ಲ.

ಎತ್ತರದ ವಿಷಯಕ್ಕೆ ಮುಂಡಗೋಡದ ಟಿಬೆಟನ್ ಕ್ಯಾಂಪನ್ನು ನೆನಪಿಸುತ್ತೇನೆ. 1966ರಿಂದ ಇಲ್ಲಿ ನೆಲೆಸಿರುವ ಆ ಜನರ ಮೂಲ ನಾಡು 4000 ಮೀಟರಿಗೂ ಎತ್ತರದ ಪ್ರಸ್ಥಭೂಮಿ. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ತಂಪು. ಹಾಗಾಗಿ ಅಲ್ಲಿ ಕಾಡು ಕಡಿಮೆ, ಯಾಕ್ ಮೇಯುವ ಹುಲ್ಲುಗಾವಲು ಜಾಸ್ತಿ.

ಮತ್ತೆ ದರಕಿಗೆ ಬರುತ್ತೇವೆ. ಅಡಿಕೆ ತೋಟದ ಮನೆಯ ಮಕ್ಕಳಿಗೆ, ತೋಟಕ್ಕೆ ಗೊಬ್ಬರವಾಗುವ ಎಲೆ ಕೊಡುವ ಸೊಪ್ಪಿನ ಬೆಟ್ಟ ಏಕೆ ಬೇಕು ಎಂದು ಗೊತ್ತು. ಅಮೆಜಾನ್‌ನಲ್ಲಿ ಬಿದ್ದ ಎಲೆ ಬೇಗ ಕೊಳೆಯುತ್ತದೆ, ಸಾರವನ್ನು ಬೇರುಗಳು ಕೂಡಲೇ ಹೀರಿಕೊಳ್ಳುತ್ತವೆ. ಅಲ್ಲಿನ ಬಹುಪಾಲು ಮಣ್ಣು ಬಡವಾಗಿರುತ್ತದೆ, ಸಂಪತ್ತೆಲ್ಲ ಮರದಲ್ಲೇ. ಕಾಡು ಕಡಿದ ಜಾಗದಲ್ಲಿ ಬೆಳೆ ಬಹಳ ದಿನ ನಿಲ್ಲದಿರುವುದು ಇದಕ್ಕೇ. ಟೈಗಾದಲ್ಲಿ ಸೂಜಿ ಎಲೆ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಉಕ್ರೇನಿನ ಸ್ಟೆಪ್ ಹುಲ್ಲುಗಾವಲಿನಲ್ಲಿ ಹುಲ್ಲಿನ ಬೇರು ಸತ್ತು ಸತ್ತು ಕಪ್ಪು ಮಣ್ಣಾಗಿದೆ. ಗೋಧಿ ಅಲ್ಲಿ ಅಷ್ಟು ಚೆನ್ನಾಗಿ ಬರುವುದಕ್ಕೆ ಆ ಮಣ್ಣೂ ಕಾರಣ.

ಪರೀಕ್ಷೆಗೂ ಹೆಸರಿಲ್ಲದ ಕಾರ್ಡನ್ನೇ ಕೊಡುತ್ತೇನೆ. ಯಾವ ಗಿಡ, ಎಂಥ ಎಲೆ, ದರಕು ಬೇಗ ಕೊಳೆಯುತ್ತದೆಯೇ, ಯಾಕೆ? ಬಯೋಮಿನ ಹೆಸರು ತಪ್ಪಿದರೂ ಕಾರಣ ಸರಿಯಿದ್ದರೆ ಹೆಚ್ಚಿನ ಅಂಕ ಅದಕ್ಕೇ.