ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಹಳೆಯ ಕಂಪ್ಯೂಟರನ್ನು ಏನು ಮಾಡಬೇಕು?

ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅದು ಅಡಿಕೆ ಕೊನೆ ಕೊಯ್ಯುವ ಕೊನೆಗಾರರನ್ನು ಗೊತ್ತುಮಾಡುವ, ಅಡಿಕೆ ಅಂಗಳವನ್ನು ಸಜ್ಜುಗೊಳಿಸುವ ಹೊತ್ತು. ಪರದೆಯ ಮೇಲೆ ಬಂದ ಸೂಚನೆಯನ್ನು ಬಹಳ ಮಂದಿ ‘ಆಮೇಲೆ ನೋಡಿದರಾಯಿತು’ ಎಂದು ಮುಚ್ಚಿಬಿಟ್ಟರು. ಮುಚ್ಚಿದ್ದರಿಂದ ಅಂದು ಏನೂ ಕೆಡಲಿಲ್ಲ, ಹಾಗಾಗಿ ವಿಷಯ ಮರೆತೂ ಹೋಯಿತು.

ಬೆಂಬಲ ನಿಲ್ಲುವುದೆಂದರೆ ಕಂಪ್ಯೂಟರ್ ನಿಲ್ಲುವುದಲ್ಲ. ಆಪರೇಟಿಂಗ್ ಸಿಸ್ಟಮ್‌ನಲ್ಲಿ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳನ್ನು ಮುಚ್ಚುವ ತಿಂಗಳ ಅಪ್‌ಡೇಟ್‌ಗಳು ನಿಲ್ಲುತ್ತವೆ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವವರು ಇನ್ನು ಬರುವುದಿಲ್ಲ ಎಂದಂತೆ: ಮಾಡು ಅಂದೇ ಬೀಳದು, ಆದರೆ ಒಡೆದ ಹಂಚು ಒಡೆದೇ ಇರುತ್ತದೆ. ಆಂಟಿವೈರಸ್ ಇದೆಯಲ್ಲ ಎಂದು ಕೆಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ಅದು ಒಳಗೆ ಬಂದ ಕಳ್ಳನನ್ನು ಗುರುತಿಸಬಹುದೇ ಹೊರತು ಗೋಡೆಯ ಕಂಡಿಯನ್ನು ಮುಚ್ಚಲಾರದು.

ನನ್ನ ಅನುಭವದಲ್ಲಿ ನಿಜವಾದ ಗಡುವು ಜಾಲತಾಣಗಳನ್ನು ತೆರೆಯುವ ಬ್ರೌಸರಿನದು. ವಿಂಡೋಸ್ ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ರಂದು ಮುಗಿಯಿತು; ಕ್ರೋಮ್ ಅದನ್ನು ಕೈಬಿಟ್ಟದ್ದು 2016ರಲ್ಲಿ, ಫೈರ್‌ಫಾಕ್ಸ್ ಕೈಬಿಟ್ಟದ್ದು 2018ರಲ್ಲಿ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ಮುಗಿದರೂ ಕ್ರೋಮ್ 109ನೆಯ ಆವೃತ್ತಿಯವರೆಗೆ ಅದರ ಜೊತೆಗಿತ್ತು, 2023ರ ಫೆಬ್ರುವರಿಯಲ್ಲಿ ಬಂದ 110ನೆಯದು ಅದರಲ್ಲಿ ಕೂರಲಿಲ್ಲ. ಬ್ರೌಸರ್ ಹಳತಾದ ಮೇಲೆ ಪಹಣಿ ತೆಗೆಯುವ ತಾಣ, ಬ್ಯಾಂಕಿನ ತಾಣ, ತೆರಿಗೆಯ ತಾಣ ಒಂದೊಂದಾಗಿ ತೆರೆಯದಾಗುತ್ತವೆ. ಬಹಳ ಹಳೆಯ ಯಂತ್ರಗಳಲ್ಲಿ ಭದ್ರತಾ ಪ್ರಮಾಣಪತ್ರಗಳ, ಅಂದರೆ ತಾಣ ಅಸಲಿಯೆಂದು ಬ್ರೌಸರಿಗೆ ತೋರಿಸುವ ಗುರುತುಚೀಟಿಗಳ, ತೊಡಕೂ ಇದೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪ್ರಮಾಣಪತ್ರಗಳಿಗೆ ಆಧಾರವಾಗಿದ್ದ ಒಂದು ಹಳೆಯ ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿದಾಗ, ಅಪ್‌ಡೇಟ್ ಕಾಣದ ಅನೇಕ ಫೋನು, ಕಂಪ್ಯೂಟರುಗಳು ‘ಸಂಪರ್ಕ ಸುರಕ್ಷಿತವಲ್ಲ’ ಎನ್ನತೊಡಗಿದವು. ಎಕ್ಸ್‌ಪಿ ಮತ್ತು 7ರ ಇತಿಹಾಸವನ್ನು ನೋಡಿದರೆ ವಿಂಡೋಸ್ 10 ಇರುವವರಿಗೆ ಸ್ವಲ್ಪ ಕಾಲಾವಕಾಶ ಇದೆ ಎನಿಸುತ್ತದೆ. ಆ ಅವಕಾಶವನ್ನು ಯೋಚಿಸಿ ನಿರ್ಧರಿಸಲು ಬಳಸಿಕೊಳ್ಳಬೇಕು, ಸುಮ್ಮನಿರಲು ಅಲ್ಲ.

ಮೊದಲು ಮನೆಯಲ್ಲಿರುವುದು ಏನೆಂದು ತಿಳಿದುಕೊಳ್ಳಿ. ವಿಂಡೋಸ್ ಕೀಲಿಯನ್ನು ಒತ್ತಿಹಿಡಿದು ಆರ್ ಅಕ್ಷರವನ್ನು ಒತ್ತಿದರೆ ಒಂದು ಸಣ್ಣ ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ‘ವಿನ್‌ವರ್’ (winver) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎಂಟರ್ ಒತ್ತಿದರೆ ವಿಂಡೋಸ್‌ನ ಆವೃತ್ತಿ ಕಾಣುತ್ತದೆ. ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2. ಬೇರೆ ಸಂಖ್ಯೆ ಕಂಡರೆ ಮೊದಲು ಅಲ್ಲಿಗೆ ಏರಿಸಿ. ಬಳಿಕ ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಪ್ರೊಸೆಸರಿನ ಹೆಸರನ್ನೂ ರ್‍ಯಾಮ್ ಎಷ್ಟೆಂಬುದನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಇಂಟೆಲ್ ಪ್ರೊಸೆಸರ್ ಆದರೆ ಅಡ್ಡಗೆರೆಯ ನಂತರದ ಅಂಕಿ (ಹತ್ತನೆಯ ತಲೆಮಾರಿನಿಂದ ಮೊದಲ ಎರಡು ಅಂಕಿ) ಸಾಮಾನ್ಯವಾಗಿ ತಲೆಮಾರನ್ನು ಹೇಳುತ್ತದೆ: ಐ5-7200ಯು ಏಳನೆಯ ತಲೆಮಾರಿನದು, ಐ5-8250ಯು ಎಂಟನೆಯದು. ವಿಂಡೋಸ್ 11 ಅಧಿಕೃತವಾಗಿ ಕೇಳುವುದು, ಬೆರಳೆಣಿಕೆಯ ಅಪವಾದಗಳನ್ನು ಬಿಟ್ಟರೆ, ಎಂಟನೆಯ ತಲೆಮಾರು ಅಥವಾ ಅದರ ನಂತರದ್ದನ್ನು. ಜೊತೆಗೆ 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ (ಯಂತ್ರ ಏಳುವಾಗ ನಂಬಬಹುದಾದ ತಂತ್ರಾಂಶವನ್ನಷ್ಟೇ ಬಿಡುವ ಏರ್ಪಾಡು) ಮತ್ತು ಟಿಪಿಎಂ 2.0 (ಗುಟ್ಟಿನ ಕೀಲಿಗಳನ್ನು ಕಾಯುವ ಭದ್ರತಾ ಭಾಗ). ಟಿಪಿಎಂ ಇಲ್ಲ ಎಂಬ ಸಂದೇಶ ಬಂದರೆ ಕೂಡಲೇ ನಂಬಬೇಡಿ; ಅದು ಬಯಾಸ್‌ನಲ್ಲಿ (ಯಂತ್ರ ಚಾಲೂ ಆಗುವಾಗಿನ ಮೂಲ ಸೆಟ್ಟಿಂಗ್ಸ್‌ನಲ್ಲಿ) ಇಂಟೆಲ್ ಪಿಟಿಟಿ ಅಥವಾ ಎಎಂಡಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಆಫ್ ಆಗಿ ಕುಳಿತಿರುವುದು ಉಂಟು.

ಅದೇ ಕಾಗದದ ಮೇಲೆ, ಆ ಕಂಪ್ಯೂಟರಿನಲ್ಲಿ ನಡೆಯುವ ಕೆಲಸಗಳನ್ನೂ ಬರೆಯಿರಿ. ಅಡಿಕೆ ಮಂಡಿಯ ಲೆಕ್ಕ, ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ, ಮಕ್ಕಳ ಆನ್‌ಲೈನ್ ಪಾಠ, ಸೊಸೈಟಿಯ ತೂಕದ ಯಂತ್ರಕ್ಕೆ ಜೋಡಿಸಿದ ತಂತ್ರಾಂಶ, ಟೆಂಡರಿಗೆ ಬಳಸುವ ಡಿಜಿಟಲ್ ಸಹಿಯ ಟೋಕನ್, ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ — ಯಾವುದನ್ನೂ ಬಿಡಬೇಡಿ. ಈ ಪಟ್ಟಿ ಇಲ್ಲದೆ ಅಂಗಡಿಗೆ ಹೋದವರು ಹೊಸ ಲ್ಯಾಪ್‌ಟಾಪ್ ತಂದು, ಅದರಲ್ಲಿ ಪ್ರಿಂಟರ್ ಕೇಬಲ್ ಹಾಕುವ ಕಿಂಡಿಯೇ ಇಲ್ಲವೆಂದು ಮನೆಗೆ ಬಂದ ಮೇಲೆ ಕಂಡುಕೊಳ್ಳುತ್ತಾರೆ.

ಇನ್ನು ಬ್ಯಾಕಪ್. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಾನು ಕಳೆದುಕೊಂಡವನು. ಹಿಂದೊಮ್ಮೆ ನಮ್ಮ ಮನೆಯ ಕಂಪ್ಯೂಟರನ್ನು ವಿಂಡೋಸನ್ನು ಅಳಿಸಿ ಹೊಸದಾಗಿ ಹಾಕಿಸಲು ಪೇಟೆಯ ಒಂದು ಅಂಗಡಿಗೆ ಕೊಟ್ಟಿದ್ದೆ. ‘ಡಿ ಡ್ರೈವ್ ಮುಟ್ಟಿಲ್ಲ ಸಾರ್’ ಎಂದು ಅವರು ಹೆಮ್ಮೆಯಿಂದ ಹಿಂದಿರುಗಿಸಿದರು. ಡೆಸ್ಕ್‌ಟಾಪಿನ ಮೇಲೆ ಕಾಣುವ ಕಡತಗಳು, ಮೈ ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲವೂ ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಇರುತ್ತವೆ, ಅದರ ಜೊತೆಗೇ ಅಳಿಸಿಹೋಗುತ್ತವೆ ಎಂಬುದು ನನಗೂ ಹೊಳೆದಿರಲಿಲ್ಲ, ಅವರೂ ಕೇಳಲಿಲ್ಲ. ಆದ್ದರಿಂದ ಹೊರಗಿನ ಹಾರ್ಡ್‌ಡಿಸ್ಕಿಗೆ ಆ ಮೂರನ್ನೂ, ಬ್ರೌಸರಿನ ಬುಕ್‌ಮಾರ್ಕ್‌ಗಳನ್ನೂ, ಟ್ಯಾಲಿಯ ಡೇಟಾ ಫೋಲ್ಡರನ್ನೂ ನೀವೇ ನಕಲಿಸಿ, ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಟ್ಯಾಲಿಯ ಲೈಸೆನ್ಸನ್ನು ಹಳೆಯ ಯಂತ್ರದಿಂದ ಸರೆಂಡರ್ ಮಾಡಿದ ಮೇಲೆಯೇ ಡಿಸ್ಕನ್ನು ಅಳಿಸಬೇಕು.

ಕನ್ನಡದಲ್ಲಿ ಬರೆಯುವವರು ಬೀಳಬಹುದಾದ ಒಂದು ಹೊಂಡ ಇಲ್ಲಿದೆ. ಹಳೆಯ ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಆಸ್ಕಿ ಫಾಂಟ್ ಬಳಸಿ ಟೈಪ್ ಮಾಡಿದ ಕಡತಗಳು ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಇಟ್ಟುಕೊಂಡಿರುತ್ತವೆ. ಅವುಗಳ ಮೇಲೆ ಕನ್ನಡದ ಆಕಾರವನ್ನು ಬರೆಯುವುದು ಫಾಂಟ್. ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ, ದೇವಸ್ಥಾನದ ಸಮಿತಿಯ ಹತ್ತು ವರ್ಷದ ನಡಾವಳಿಯೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಕಡತ ಕೆಟ್ಟಿದೆ ಎಂದು ಅಳಿಸಿದವರೂ ಇದ್ದಾರೆ. ಹಳೆಯ ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಅದರ ಫಾಂಟ್ಸ್ ಫೋಲ್ಡರಿನಿಂದ ನುಡಿ, ಬರಹದ ಫಾಂಟ್‌ಗಳನ್ನು ನಕಲಿಸಿಕೊಳ್ಳಿ. ಮುಖ್ಯವಾದ ಕಡತಗಳನ್ನು, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್‌ಗೆ ಪರಿವರ್ತಿಸಿ, ಮೂಲವನ್ನೂ ಒಂದು ಪಿಡಿಎಫ್ ಪ್ರತಿಯನ್ನೂ ಜೊತೆಗಿಡಿ. ಪರಿವರ್ತಿಸಿದ ನಂತರ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಪದಗಳನ್ನು ಕಣ್ಣಿಟ್ಟು ಓದಬೇಕು. ಆಸ್ಕಿಯಲ್ಲಿ ಅರ್ಕಾವತ್ತು ಬರೆಯುವ ಕ್ರಮದಲ್ಲಿ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚರಿಸುವ ಕ್ರಮದಲ್ಲಿ ಮೊದಲು ಬರುತ್ತದೆ, ಆದ್ದರಿಂದ ತಪ್ಪುಗಳು ಹೆಚ್ಚಾಗಿ ಅಲ್ಲಿಯೇ ಅಡಗಿರುತ್ತವೆ.

ಇಷ್ಟಾದ ಮೇಲೆ ಆಯ್ಕೆ. ಯಂತ್ರ ಅರ್ಹವಾಗಿದ್ದರೆ ವಿಂಡೋಸ್ 11ಕ್ಕೆ ಏರಿಸುವುದು ಉಚಿತ, ಅದರಲ್ಲಿ ಹೆಚ್ಚು ಯೋಚಿಸುವುದೇನಿಲ್ಲ. ಅರ್ಹವಲ್ಲದ ಯಂತ್ರಕ್ಕೆ ಉಪಾಯದಿಂದ 11ನ್ನು ಹಾಕಿಕೊಡುವವರು ಇದ್ದಾರೆ. ಅಂಥ ಯಂತ್ರಗಳಿಗೆ ಅಪ್‌ಡೇಟ್ ಕೊಡುವ ಭರವಸೆಯನ್ನು ಮೈಕ್ರೋಸಾಫ್ಟ್ ನೀಡುವುದಿಲ್ಲವಾದ್ದರಿಂದ ಲೆಕ್ಕಪತ್ರದ ಕಂಪ್ಯೂಟರಿಗೆ ನಾನು ಅದನ್ನು ಸೂಚಿಸುವುದಿಲ್ಲ. ಎರಡನೆಯದು ಮನೆಬಳಕೆದಾರರಿಗೆ ಮೈಕ್ರೋಸಾಫ್ಟ್ ಪ್ರಕಟಿಸಿದ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆ. 22ಎಚ್2 ಆವೃತ್ತಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆಗಳನ್ನು ಕೊಡುವ ಈ ಯೋಜನೆಗೆ ವಿಂಡೋಸ್ ಅಪ್‌ಡೇಟ್ ಪುಟದಿಂದ ಸೇರಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆರಂಭಿಸಿದರೆ ಹಣ ಬೇಡ, ಇಲ್ಲವಾದರೆ 30 ಡಾಲರ್ ಆಗುತ್ತದೆ. ಒಂದು ಕೊಯ್ಲು ಮುಗಿಸಿಕೊಂಡು ನಿರ್ಧರಿಸುತ್ತೇನೆ ಎನ್ನುವವರಿಗೆ ಇದು ಸಾಕು.

ಯಂತ್ರ ಗಟ್ಟಿಯಾಗಿದ್ದು, ಕೆಲಸವೆಲ್ಲ ಬ್ರೌಸರ್, ಪತ್ರ ಬರೆಯುವುದು, ಲೆಕ್ಕದ ಹಾಳೆ ಇಷ್ಟೇ ಆದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳಬಹುದು. ಅದರ 22ನೆಯ ಸರಣಿಗೆ 2029ರವರೆಗೆ ಬೆಂಬಲವಿದೆ, ಎಕ್ಸ್‌ಎಫ್‌ಸಿಇ ಮಾದರಿ 4 ಜಿಬಿ ರ್‍ಯಾಮ್‌ನಲ್ಲಿ ಸಲೀಸಾಗಿ ನಡೆಯುತ್ತದೆ. ಇದನ್ನು ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿ, ಡಿಸ್ಕನ್ನು ಮುಟ್ಟದೆ, ವೈಫೈ, ಧ್ವನಿ, ಪ್ರಿಂಟರ್ ಎಲ್ಲ ಕೆಲಸ ಮಾಡುತ್ತವೆಯೇ ಎಂದು ಅರ್ಧ ದಿನ ನೋಡಬಹುದು. ಟೈಪಿಂಗಿಗೆ ಐಬಸ್ ಮತ್ತು ಎಂ17ಎನ್ ಎಂಬ ಪ್ಯಾಕೇಜುಗಳನ್ನು ಹಾಕಿಕೊಂಡರೆ ನುಡಿಯಲ್ಲಿರುವ ಕೆಜಿಪಿ ಕೀಲಿಮಣೆ ವಿನ್ಯಾಸ ಸಿಗುತ್ತದೆ. ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸದಾಗಿ ಕಲಿಯುವುದೇನೂ ಇರುವುದಿಲ್ಲ. ಡಿಜಿಟಲ್ ಸಹಿ, ಬೆರಳಚ್ಚು ಓದುವ ಸಾಧನ ಬೇಕಾದವರು ಮಾತ್ರ ವಿಂಡೋಸ್‌ನಲ್ಲೇ ಉಳಿಯುವುದು ಜಾಣತನ.

ಕೊನೆಯ ದಾರಿ ಹಳೆಯ ಯಂತ್ರವನ್ನು ಹಾಗೆಯೇ ಉಳಿಸಿ, ಜಾಲದಿಂದ ಬಿಡಿಸುವುದು. ತೂಕದ ಯಂತ್ರದ ಕಂಪ್ಯೂಟರಿಗೆ ಇದೇ ಸರಿ. ಆದರೆ ಇಂಟರ್ನೆಟ್ ನೋಡದಿದ್ದರೆ ಸಾಲದು, ಕಚೇರಿಯ ಲ್ಯಾನ್ ಕೇಬಲನ್ನೂ ಕಿತ್ತಿಡಬೇಕು. 2017ರ ಮೇ 12ರಂದು ಹಬ್ಬಿದ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ಕುತಂತ್ರಾಂಶ, ಯಾರೂ ಯಾವ ಕೊಂಡಿಯನ್ನೂ ಒತ್ತದಿದ್ದರೂ ಜಾಲದ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನಾಗಿ ಹರಿಯಿತು; ಬೆಂಬಲವಿದ್ದ ವಿಂಡೋಸ್‌ಗಳಿಗೆ ಅದರ ತೇಪೆ ಮಾರ್ಚ್‌ನಲ್ಲೇ ಬಂದಿತ್ತು, ಎಕ್ಸ್‌ಪಿಗೆ ಬಂದದ್ದು ಹಾನಿಯಾದ ಮೇಲೆ.

ಕೆಲಸಕ್ಕೆ ಇಳಿಯುವ ದಿನವನ್ನು ಲೆಕ್ಕಹಾಕಿ ಆರಿಸಿ. ಸಿಗ್ನಲ್‌ಗಾಗಿ ಗುಡ್ಡ ಹತ್ತುವ ಊರಿನಲ್ಲಿ ಹಲವು ಜಿಬಿ ಡೌನ್‌ಲೋಡ್ ಮಾಡಲು ಕೂರುವುದು ವ್ಯರ್ಥ. ಶಿವಮೊಗ್ಗಕ್ಕೆ ಹೋದಾಗ ಪರಿಚಯದವರ ಫೈಬರ್ ಸಂಪರ್ಕದಲ್ಲಿ ಇಳಿಸಿ, 8 ಜಿಬಿ ಅಥವಾ ಹೆಚ್ಚಿನ ಪೆನ್‌ಡ್ರೈವಿನಲ್ಲಿ ಅಲ್ಲಿಯೇ ಬೂಟ್ ಆಗುವಂತೆ ಸಿದ್ಧಮಾಡಿಕೊಂಡು ಬನ್ನಿ. ಇನ್‌ಸ್ಟಾಲ್ ನಡುವೆ ಕರೆಂಟು ಹೋದರೆ ಯಂತ್ರ ಏಳದೇ ಹೋಗಬಹುದು, ಆದ್ದರಿಂದ ಡೆಸ್ಕ್‌ಟಾಪಿಗೆ ಯುಪಿಎಸ್ ಇರಲಿ, ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿರಲಿ. ಮುಂಗಾರಿಗೆ ಮುಂಚಿನ ಸಿಡಿಲಿನ ಸಂಜೆಗಳಲ್ಲಂತೂ ಈ ಕೆಲಸ ಬೇಡವೇ ಬೇಡ.

ಹೊಸ ವ್ಯವಸ್ಥೆ ನೆಲೆಗೊಂಡ ಮೇಲೂ ಬ್ಯಾಕಪ್ ಡಿಸ್ಕನ್ನು ಬೇರೆ ಕೆಲಸಕ್ಕೆ ಬಳಸಬೇಡಿ. ಯಾವ ಕಡತ ಬಿಟ್ಟುಹೋಗಿದೆ ಎಂಬುದು ನೆನಪಾಗುವುದು ಮಾರ್ಚ್ ಕೊನೆಯ ಲೆಕ್ಕ ಕೂಡಿಸುವಾಗ. ಅಲ್ಲಿಯವರೆಗೆ ಅದನ್ನು ದಿನಾಂಕದ ಚೀಟಿ ಅಂಟಿಸಿ, ಹಪ್ಪಳ ಇಡುವಂಥ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಇಡಿ. ಆಷಾಢದ ಥಂಡಿಗೆ ನಮ್ಮ ಕಡೆ ಗೋಡೆಯ ಫೋಟೋಗೂ ಬೂಸಲು ಹಿಡಿಯುತ್ತದೆ.