ಕುದುರೆ ಜಿಗಿತ ನೋಡುವುದು ಹೇಗೆ? ಮೊದಲು ಹೆಜ್ಜೆ ಎಣಿಸಲು ಕಲಿಯಿರಿ

ವಿಜಯನಗರದ ಸೈನ್ಯಕ್ಕೆ ಅರಬ್ಬೀ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದದ್ದು ನಮ್ಮ ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ. ಈಗ ಕಾರವಾರದವರಿಗೂ ಶಿರಸಿಯವರಿಗೂ ಕುದುರೆ ಜಿಗಿತ ಸಿಗುವುದು ಮೊಬೈಲಿನಲ್ಲಿ, ಅದೂ ಒಲಿಂಪಿಕ್ಸ್ ಅಥವಾ ಏಷ್ಯನ್ ಗೇಮ್ಸ್ ಬಂದಾಗ. ನೋಡುವವರು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಎಲ್ಲ ಜಿಗಿತವೂ ಒಂದೇ ಆಟ ಎಂದುಕೊಳ್ಳುವುದು ಒಂದು. ಕುದುರೆ ಗಾಳಿಯಲ್ಲಿದ್ದಾಗ ಮಾತ್ರ ಕಣ್ಣರಳಿಸಿ, ಇಳಿದ ಕೂಡಲೇ ಪಕ್ಕದವರ ಜೊತೆ ಮಾತಿಗೆ ತೊಡಗುವುದು ಇನ್ನೊಂದು. ಮುಂದಿನ ಕೋಲು ಬೀಳುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಆ ಮಾತಿನ ಹೊತ್ತಿನಲ್ಲೇ.

ಹಂತ 1: ಆಟ ಯಾವುದೆಂದು ಗುರುತಿಸಿ

ಅಂಗಣದೊಳಗೆ ಬಣ್ಣದ ಕೋಲುಗಳಿದ್ದು, ತಾಗಿದರೆ ಬೀಳುವಂತಿದ್ದರೆ ಅದು ಶೋ ಜಂಪಿಂಗ್. ಹುಲ್ಲುಗಾವಲು, ಮರದ ದಿಮ್ಮಿ, ಹೊಂಡ, ಕೆರೆಯಂಥ ನೀರು ಕಂಡರೆ ಈವೆಂಟಿಂಗ್‌ನ ಕ್ರಾಸ್ ಕಂಟ್ರಿ ಸುತ್ತು. ತಡೆಗಳು ಮರದ ಬಣ್ಣದವಾಗಿ, ಸೊಪ್ಪು ಹೂವಿನ ಅಲಂಕಾರವಿದ್ದು, ಯಾರಿಗೂ ಅವಸರವಿಲ್ಲದಿದ್ದರೆ ಹಂಟರ್. ಎಲ್ಲರ ಕಣ್ಣೂ ಒಂದೇ ಒಂದು ಎತ್ತರದ ಗೋಡೆಯ ಮೇಲಿದ್ದರೆ ಪ್ಯುಸಾನ್ಸ್.

ಹಂತ 2: ಬಾವುಟ ನೋಡಿ

ಕೆಂಪು ಬಲಕ್ಕೆ, ಬಿಳಿ ಎಡಕ್ಕೆ. ಕುದುರೆ ಇವೆರಡರ ನಡುವೆ ಹಾರಬೇಕು. ಇಷ್ಟೇ.

ಹಂತ 3: ತಡೆಯ ಆಕಾರ ತಿಳಿಯಿರಿ

ಒಂದರ ಮೇಲೊಂದು ಕೋಲಿರುವ ನೇರ ತಡೆಗೆ ವರ್ಟಿಕಲ್ ಎನ್ನುತ್ತಾರೆ. ನೋಡಲು ನಮ್ಮ ತೋಟದ ಬಾಯಿಯ ದಣಪೆಯಂತೆಯೇ. ಆದರೆ ದಣಪೆಯ ಗಳ ಕಂಬದ ತೂತಿನೊಳಗೆ ಭದ್ರ. ಇಲ್ಲಿನ ಕೋಲು ಸುಮಾರು 2 ಸೆಂ.ಮೀ. ಆಳದ ಬಟ್ಟಲಿನಂಥ ಕೊಕ್ಕೆಯಲ್ಲಿ ಸುಮ್ಮನೆ ಕೂತಿರುತ್ತದೆ. ಗೊರಸು ಸವರಿದರೂ ಕೋಲು ಅಲ್ಲಾಡಿ ನಿಂತರೆ ತಪ್ಪಿಲ್ಲ, ಬಿದ್ದರೆ ಮಾತ್ರ 4 ಫಾಲ್ಟ್, ಅಂದರೆ ದಂಡದ ಅಂಕ. ತಾಗಿದ್ದಕ್ಕೇ 'ಹೋಯ್ತು' ಎಂದು ಕೂಗುವ ವೀಕ್ಷಕ ವಿವರಣೆ ಇದ್ದರೆ ದನಿ ಬಂದ್ ಮಾಡಿ ನೋಡುವುದೇ ಲೇಸು.

ಎರಡು ವರ್ಟಿಕಲ್‌ಗಳನ್ನು ಹಿಂದೆ ಮುಂದೆ ಇಟ್ಟರೆ ಆಕ್ಸರ್. ಇಲ್ಲಿ ಎತ್ತರದ ಜೊತೆ ಅಗಲವನ್ನೂ ದಾಟಬೇಕು. ನೀರಿನ ತಡೆಯಲ್ಲಿ ಎತ್ತರದ ಲೆಕ್ಕವಿಲ್ಲ. ಮುಂದಿನ ಗಿಡದ ಬೇಲಿ ತಾಗಿದರೂ ಪರವಾಗಿಲ್ಲ, ಆಚೆ ದಡದ ಬಿಳಿ ಪಟ್ಟಿಯ ಮೇಲೋ ನೀರಿನಲ್ಲೋ ಕಾಲು ಬಿದ್ದರೆ 4 ಫಾಲ್ಟ್. 5ಎ, 5ಬಿ ಎಂದು ಸಂಖ್ಯೆ ಹಾಕಿದ್ದರೆ ಅದು ಜೋಡಿ ತಡೆ. ಬಿ ಮುಂದೆ ಕುದುರೆ ನಿಂತುಬಿಟ್ಟರೆ ಮತ್ತೆ ಎಯಿಂದಲೇ ಹಾರಿ ಬರಬೇಕು.

ಹಂತ 4: ಎರಡು ತಡೆಗಳ ನಡುವೆ ಎಣಿಸಿ

ಆಟದ ಜೀವ ಇರುವುದು ಇಲ್ಲಿ. ಹೊಸಬರು ಬಿಟ್ಟುಬಿಡುವುದೂ ಇದನ್ನೇ.

ಕ್ಯಾಂಟರ್ ಎಂಬ ಹದವಾದ ಓಟದಲ್ಲಿ ದೊಡ್ಡ ಕುದುರೆಯ ಒಂದು ಸ್ಟ್ರೈಡ್, ಅಂದರೆ ನಾಲ್ಕೂ ಕಾಲು ಒಮ್ಮೆ ಊರಿ ಮುಗಿಯುವಷ್ಟು ದೂರ, ಸುಮಾರು 3.6 ಮೀಟರ್. ಮನುಷ್ಯನ 90 ಸೆಂ.ಮೀ. ಹೆಜ್ಜೆಯಲ್ಲಿ ಅದು ನಾಲ್ಕು. ಸ್ಪರ್ಧೆಗೆ ಮುಂಚೆ ಸವಾರರು ಬೂಟು ಹಾಕಿಕೊಂಡು ಅಂಗಣದಲ್ಲಿ ಗಂಭೀರವಾಗಿ ನಡೆಯುವುದು ಇದನ್ನು ಅಳೆಯಲಿಕ್ಕೆ. ಲೆಕ್ಕ ಹೀಗೆ: ಮೊದಲ ತಡೆಯಿಂದ ಎರಡನೆಯದಕ್ಕೆ ಎಷ್ಟು ಹೆಜ್ಜೆಯಾಯಿತೋ ಅದರಲ್ಲಿ ನಾಲ್ಕು ಕಳೆಯಿರಿ. ಎರಡು ಹೆಜ್ಜೆಯಷ್ಟು ಜಾಗ ಇಳಿಯಲು, ಎರಡರಷ್ಟು ಮತ್ತೆ ಹಾರಲು. ಉಳಿದದ್ದನ್ನು ನಾಲ್ಕರಿಂದ ಭಾಗಿಸಿ. 24 ಹೆಜ್ಜೆಯಿದ್ದರೆ ನಾಲ್ಕು ಕಳೆದು 20, ಅಂದರೆ ಐದು ಸ್ಟ್ರೈಡ್. ಸಲೀಸು.

22 ಹೆಜ್ಜೆಯಿದ್ದರೆ? ನಾಲ್ಕೂವರೆ ಬರುತ್ತದೆ. ಅರ್ಧ ಸ್ಟ್ರೈಡ್ ಎಂಬುದು ಕುದುರೆಯ ಬಳಿ ಇಲ್ಲ. ಪಥ ರಚಿಸುವವರು ಬೇಕೆಂದೇ ಇಡುವ ತೊಡಕು ಇದು. ಸವಾರ ಕುದುರೆಯನ್ನು ಮುಂದಕ್ಕೆ ಬಿಟ್ಟು ನಾಲ್ಕು ಉದ್ದ ಸ್ಟ್ರೈಡಿನಲ್ಲಿ ಮುಗಿಸಬೇಕು, ಇಲ್ಲವೇ ಲಗಾಮು ಹಿಡಿದು ಐದು ಗಿಡ್ಡ ಸ್ಟ್ರೈಡ್ ಹಾಕಿಸಬೇಕು. ನಾಲ್ಕರಲ್ಲಿ ನುಗ್ಗಿ ಬಂದ ಕುದುರೆಯ ಮೈ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಎದುರಿಗೆ ವರ್ಟಿಕಲ್ ಇದ್ದರೆ ಮುಂಗಾಲು ಮಡಚಲು ಪುರಸೊತ್ತು ಸಿಗದೆ ಕೋಲು ಹಾರಿಹೋಗುತ್ತದೆ. ಐದಕ್ಕೆಂದು ಅತಿಯಾಗಿ ಹಿಡಿದರೆ ಹುರುಪು ಸೋರಿಹೋಗಿ, ಎದುರಿಗೆ ಆಕ್ಸರ್ ಇದ್ದಾಗ ಹಿಂಗಾಲು ಹಿಂಬದಿಯ ಕೋಲನ್ನು ಬೀಳಿಸುತ್ತದೆ. ಬಿದ್ದ ಕೋಲು ಯಾವುದು, ತಾಗಿದ ಕಾಲು ಯಾವುದು ಎಂದು ನೋಡಿದರೆ ಎಡವಟ್ಟು ಎಲ್ಲಿ ಶುರುವಾಯಿತೆಂದು ಬಹುಮಟ್ಟಿಗೆ ಹೇಳಬಹುದು.

ಜೋಡಿ ತಡೆಗಳಲ್ಲಿ ಇದು ಇನ್ನೂ ಕಠಿಣ. ಒಂದು ಸ್ಟ್ರೈಡಿನ ಜೋಡಿಗೆ ಸುಮಾರು ಏಳೂವರೆ ಮೀಟರ್, ಎರಡರದ್ದಕ್ಕೆ ಹತ್ತೂವರೆಯಿಂದ ಹನ್ನೊಂದು. ನಡುವೆ ತಿದ್ದಿಕೊಳ್ಳಲು ಜಾಗವೇ ಇಲ್ಲ. ಎಯಲ್ಲಿ ಹತ್ತಿರ ಬಂದು ಹಾರಿದ್ದರ ಸಾಲವನ್ನು ಬಿಯಲ್ಲಿ ತೀರಿಸಬೇಕಾಗುತ್ತದೆ.

ಅಭ್ಯಾಸಕ್ಕೆ 9 ಮೀಟರ್ ಅಳೆದು ಗೆರೆ ಹಾಕಿ, ಸರಿಯಾಗಿ ಹತ್ತು ಹೆಜ್ಜೆಯಲ್ಲಿ ಮುಗಿಯುವ ತನಕ ನಡೆಯಿರಿ. ಕಾರವಾರದ ಟಾಗೋರ್ ಕಡಲತೀರದಲ್ಲಿ ನೀರಿಳಿದ ಹೊತ್ತಿನ ಗಟ್ಟಿ ಮರಳು ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಹಿಮ್ಮಡಿಯ ಗುರುತು ಉಳಿಯುವುದರಿಂದ ಯಾವ ಹೆಜ್ಜೆ ಗಿಡ್ಡವಾಯಿತೆಂದು ಹಿಂತಿರುಗಿ ಅಳೆಯಬಹುದು. ಘಟ್ಟದ ಮೇಲಿನವರಿಗೆ ಅಡಿಕೆ ಅಂಗಳ ಸಾಕು. ದರ್ಜಿಯ ಬಟ್ಟೆ ಟೇಪು ಎಳೆದಂತೆ ಹಿಗ್ಗುತ್ತದೆ, ಅಗ್ಗದ ಉಕ್ಕಿನ ಟೇಪು ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. 30 ಮೀಟರಿನ ಫೈಬರ್ ಟೇಪನ್ನೇ ಕೊಳ್ಳಿ.

ಪರದೆಯ ಮೇಲೆ ಎಣಿಸುವಾಗ ಇಳಿದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇಳಿದ ನಂತರದ ಮೊದಲ ಸ್ಟ್ರೈಡಿಗೆ 'ಒಂದು' ಎಂದು ಬಾಯಿಬಿಟ್ಟೇ ಹೇಳಿ. ಮೊದಲ ಮೂವರು ಸವಾರರದ್ದನ್ನು ಕಾಗದದ ಮೇಲೆ ಬರೆದುಕೊಂಡರೆ ನಾಲ್ಕನೆಯವರು ಬರುವಷ್ಟರಲ್ಲಿ ತೊಡಕಿನ ಜಾಗ ಯಾವುದೆಂದು ನಿಮಗೇ ಗೊತ್ತಾಗಿರುತ್ತದೆ. ರೀಲ್ಸ್ ನೋಡಿ ಕಲಿಯುತ್ತೇನೆ ಎನ್ನಬೇಡಿ. ಅದರಲ್ಲಿ ಬೀಳುವುದನ್ನು ತೋರಿಸುತ್ತಾರೆ, ಅದಕ್ಕೆ ಮುಂಚಿನ ಐದು ಸ್ಟ್ರೈಡನ್ನು ಕತ್ತರಿಸಿರುತ್ತಾರೆ.

ಹಂತ 5: ಅಂಕ ಓದಿ

ಶೋ ಜಂಪಿಂಗ್‌ನಲ್ಲಿ ಕುದುರೆ ಮೊದಲ ಸಲ ನಿರಾಕರಿಸಿದರೆ 4 ಫಾಲ್ಟ್. ಅಂತಾರಾಷ್ಟ್ರೀಯ ನಿಯಮದಲ್ಲಿ ಎರಡನೇ ಸಲಕ್ಕೆ ಸವಾರ ಹೊರಗೆ, ಬಿದ್ದರೂ ಹೊರಗೆ. ಸಮಯ ಮೀರಿದರೆ ಅದರ ದಂಡ ಬೇರೆ. ಶೂನ್ಯ ಫಾಲ್ಟಿನವರು ಒಬ್ಬರಿಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಪಥ ಮೊಟಕು ಮಾಡಿ ಜಂಪ್ ಆಫ್ ನಡೆಸುತ್ತಾರೆ. ಅಂಥ ಸ್ಪರ್ಧೆಯಲ್ಲಿ ಗಡಿಯಾರ ಗೆಲ್ಲಿಸುವುದು ಆಗ ಮಾತ್ರ. ಅಲ್ಲಿಯೂ ನೇರ ಓಟಕ್ಕಿಂತ ಬಿಗಿ ತಿರುವಿನಲ್ಲೇ ಹೆಚ್ಚು ಸೆಕೆಂಡು ಉಳಿಯುತ್ತದೆ.

ಈವೆಂಟಿಂಗ್‌ನ ಲೆಕ್ಕ ಬೇರೆ. ಅದೇ ಕುದುರೆ, ಅದೇ ಸವಾರ. ಡ್ರೆಸಾಜ್ (ಜಿಗಿತವಿಲ್ಲದ, ಕುದುರೆಯ ನಡಿಗೆ ಮತ್ತು ವಿಧೇಯತೆಯ ಪರೀಕ್ಷೆ), ಕ್ರಾಸ್ ಕಂಟ್ರಿ, ಶೋ ಜಂಪಿಂಗ್ ಮೂರರ ದಂಡವನ್ನೂ ಕೂಡಿಸುತ್ತ ಹೋಗುತ್ತಾರೆ, ಕಡಿಮೆ ಇದ್ದವರು ಮುಂದೆ. ಕ್ರಾಸ್ ಕಂಟ್ರಿಯಲ್ಲಿ ಮೊದಲ ನಿರಾಕರಣೆಗೆ 20, ಸಮಯ ಮೀರಿದ ಪ್ರತಿ ಸೆಕೆಂಡಿಗೆ 0.4. ಕಲಿಯಲು ಬೆಂಗಳೂರಿನ ಸವಾರ ಫವಾದ್ ಮಿರ್ಜಾ ಅವರ ಟೋಕಿಯೋ ಒಲಿಂಪಿಕ್ಸ್ ಅಂಕಪಟ್ಟಿಗಿಂತ ಒಳ್ಳೆಯ ಪಾಠವಿಲ್ಲ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ತಂದ ಸೆನ್ಯೂರ್ ಮೆಡಿಕಾಟ್ ಕುದುರೆಯನ್ನೇ 2021ರಲ್ಲಿ ಅಲ್ಲಿಗೂ ಒಯ್ದಿದ್ದರು. ಡ್ರೆಸಾಜ್‌ನಲ್ಲಿ 28. ಕ್ರಾಸ್ ಕಂಟ್ರಿಯಲ್ಲಿ 11.20, 0.4ರಿಂದ ಭಾಗಿಸಿ ನೋಡಿ, 28 ಸೆಕೆಂಡು ತಡ. ಅಲ್ಲಿಗೆ 39.20. ಜಿಗಿತದ ಮೊದಲ ಸುತ್ತಿನಲ್ಲಿ 8, ಎರಡು ಕೋಲಿನ ಲೆಕ್ಕ. 47.20ರಲ್ಲಿ ಫೈನಲ್ ತಲುಪಿದರು. ಫೈನಲ್‌ನಲ್ಲಿ 12.40, ಅಂದರೆ ಮೂರು ಕೋಲು ಮತ್ತು ಒಂದು ಸೆಕೆಂಡು. ಒಟ್ಟು 59.60, 23ನೇ ಸ್ಥಾನ. ಹಿಂದಿನ ದಿನ ಬೆಟ್ಟ ನೀರು ದಾಟಿ ದಣಿದ ಕುದುರೆ ಕಾಲೆತ್ತುವುದು ಹೇಗೆ ಎಂಬುದೇ ಈ ಕೊನೆಯ ಸುತ್ತಿನ ಪರೀಕ್ಷೆ. ಹೊಸಬರು ಈವೆಂಟಿಂಗ್‌ನಿಂದಲೇ ಶುರು ಮಾಡಲಿ; ಬರೀ ಶೋ ಜಂಪಿಂಗ್ ನೋಡಿದವರಿಗೆ ಕುದುರೆ ದಣಿಯುತ್ತದೆ ಎಂಬುದೇ ಮರೆತುಹೋಗುತ್ತದೆ.

ಹಂತ 6: ಉಳಿದೆರಡು

ಹಂಟರ್ ಅಮೆರಿಕದಲ್ಲಿ ಬೆಳೆದ ಶೈಲಿ. ಕೋಲು ಬೀಳದಿದ್ದರೆ ಸಾಲದು. ಮೊಣಕಾಲು ಎರಡೂ ಸಮನಾಗಿ ಮೇಲೆ ಬಂದವೇ, ಬೆನ್ನು ಬಾಗಿತೇ, ವೇಗ ಮೊದಲಿನಿಂದ ಕೊನೆತನಕ ಒಂದೇ ಇತ್ತೇ ಎಂದು ತೀರ್ಪುಗಾರರು 100ಕ್ಕೆ ಅಂಕ ಕೊಡುತ್ತಾರೆ. ಸವಾರನನ್ನೇ ತೂಗುವ ಸ್ಪರ್ಧೆಗೆ ಈಕ್ವಿಟೇಶನ್ ಎಂದು ಹೆಸರು. ಹೆಜ್ಜೆ ಎಣಿಸಲು ಬಾರದವರಿಗೆ ಎರಡೂ ಬೇಸರ ತರುತ್ತವೆ.

ಪ್ಯುಸಾನ್ಸ್‌ಗೆ ಪಾಠವೇ ಬೇಡ. ಸುತ್ತು ಸುತ್ತಿಗೆ ಗೋಡೆ ಏರುತ್ತದೆ, ಬೀಳಿಸಿದವರು ಹೊರಗೆ. ಕುದುರೆ ಹಾರಿದ ಅತಿ ಎತ್ತರದ ದಾಖಲೆ 2.47 ಮೀಟರ್, 1949ರಲ್ಲಿ ಚಿಲಿಯ ಆಲ್ಬರ್ಟೊ ಲರ್ರಾಗಿಬೆಲ್ ವಾಸೊ ಎಂಬ ಕುದುರೆಯ ಮೇಲೆ ಬರೆದದ್ದು ಇನ್ನೂ ಮುರಿದಿಲ್ಲ. ಪ್ಯುಸಾನ್ಸ್‌ನಲ್ಲಿ ಐದು ಸುತ್ತಿಗಿಂತ ಹೆಚ್ಚು ಏರಿಸುವಂತಿಲ್ಲ. ಕೊನೆಗೂ ಇಬ್ಬರು ಸಮನಾಗಿ ಉಳಿದರೆ ಮೊದಲ ಬಹುಮಾನವನ್ನು ಹಂಚಿಕೊಂಡು ಮನೆಗೆ ಹೋಗುತ್ತಾರೆ.