ಬೈಕ್ ಸವಾರಿಯ ಚಿತ್ರೀಕರಣಕ್ಕೆ ಸಲಕರಣೆ: ಮೈಕಿನಿಂದ ಆರಂಭಿಸಿ

ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯುವ ಸವಾರಿಯನ್ನಾಗಲಿ, ಬಾದಾಮಿಯಿಂದ ಪಟ್ಟದಕಲ್ಲಿನ ಕಡೆಗೆ ಸಾಗುವ ದಾರಿಯನ್ನಾಗಲಿ ಚಿತ್ರೀಕರಿಸಬೇಕೆನ್ನುವವರು ಮೊದಲು ವಿಚಾರಿಸುವುದು ಕ್ಯಾಮೆರಾವನ್ನು. ನನ್ನ ಅಭಿಪ್ರಾಯದಲ್ಲಿ ಮೊದಲು ವಿಚಾರಿಸಬೇಕಾದದ್ದು ಮೈಕನ್ನು. ಚಿತ್ರ ತುಸು ಮಂಕಾದರೂ ಜನ ನೋಡುತ್ತಾರೆ, ಮಾತನ್ನು ಗಾಳಿಯ ಭೋರ್ಗರೆತ ನುಂಗಿದರೆ ಯಾರೂ ಕೇಳುವುದಿಲ್ಲ. ಕ್ಯಾಮೆರಾದ ಸ್ವಂತ ಮೈಕ್ ಗಾಳಿಗೆ ನೇರವಾಗಿ ಒಡ್ಡಿಕೊಂಡಿರುತ್ತದೆ. ಆದ್ದರಿಂದ ಹೊರಗಿನ ಮೈಕ್ ಜೋಡಿಸಬಹುದಾದ ಕ್ಯಾಮೆರಾವನ್ನೇ ಆರಿಸಿ, ಸ್ಪಂಜು ತೊಡಿಸಿದ ಕಾಲರ್ ಮೈಕನ್ನು ಫುಲ್‌ಫೇಸ್ ಹೆಲ್ಮೆಟ್ಟಿನ ಒಳಗೆ, ಕೆನ್ನೆಯ ಪ್ಯಾಡಿನ ಅಂಚಿನಲ್ಲಿ, ಬಾಯಿಯ ಪಕ್ಕಕ್ಕೆ ಬರುವಂತೆ ಸಿಕ್ಕಿಸಬೇಕು. ಕೆಲವು ಕ್ಯಾಮೆರಾಗಳಿಗೆ ಇದಕ್ಕೆಂದೇ ಬೇರೆ ಅಡಾಪ್ಟರ್ ಕೊಳ್ಳಬೇಕಾಗುತ್ತದೆ. ಅದರ ಬೆಲೆಯನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಕ್ಯಾಮೆರಾ ಕೂರಿಸಲು ಹೆಲ್ಮೆಟ್ಟಿನ ಗದ್ದದ ಭಾಗವೇ ಸೂಕ್ತ: ಕೈ, ಮೀಟರ್, ರಸ್ತೆ ಮೂರೂ ಸವಾರನಿಗೆ ಕಾಣುವಂತೆಯೇ ಸೆರೆಯಾಗುತ್ತವೆ. ಅಂಟುವ ಇಲ್ಲವೇ ಪಟ್ಟಿ ಬಿಗಿಯುವ ಮೌಂಟ್ ಸಾಕು. ತಲೆ ಕಾಯುವ ಚಿಪ್ಪಿಗೆ ರಂಧ್ರ ಕೊರೆಯಲೇಬಾರದು. ಹ್ಯಾಂಡಲ್ಲಿಗೆ ಕಟ್ಟಿದರೆ ಎಂಜಿನ್ನಿನ ನಡುಕವೆಲ್ಲ ಚಿತ್ರಕ್ಕೆ ಇಳಿಯುತ್ತದೆ. ಮೊಬೈಲನ್ನಂತೂ ಅಲ್ಲಿ ಕಟ್ಟುವುದು ಬೇಡ; ಹೆಚ್ಚು ಶಕ್ತಿಯ ಬೈಕುಗಳ ಕಂಪನದಿಂದ ಐಫೋನ್ ಕ್ಯಾಮೆರಾದ ಸ್ಥಿರತೆ ಕಾಯುವ ಭಾಗ ಕೆಡಬಹುದೆಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ.

ನಮ್ಮ ಭಾಗದ ಬೇಸಿಗೆಯನ್ನೂ ಗಮನಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಓಡುವಾಗ ಗಾಳಿಯೇ ಕ್ಯಾಮೆರಾವನ್ನು ತಣಿಸುತ್ತದೆ, ಆದರೆ ರೈಲ್ವೆ ಗೇಟಿನಲ್ಲಿ ನಿಂತಾಗ ಅದು ಕಾದು ತಾನಾಗಿಯೇ ಬಂದ್ ಆಗಬಹುದು. ನಿಂತಲ್ಲಿ ರೆಕಾರ್ಡಿಂಗ್ ನಿಲ್ಲಿಸುವುದು, 4ಕೆ ಗುಣಮಟ್ಟದಲ್ಲಿ ಸೆಕೆಂಡಿಗೆ 60ರ ಬದಲು 30 ಫ್ರೇಮ್ ಇಟ್ಟುಕೊಳ್ಳುವುದು ಒಳಿತು.

ಮೆಮೊರಿ ಕಾರ್ಡಿನ ಮೇಲೆ ವಿ30 ಗುರುತಿರಲಿ (ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆದುಕೊಳ್ಳಬಲ್ಲ ಕಾರ್ಡ್ ಎಂದರ್ಥ). ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸಲು ಗಂಟೆಗೆ ಸುಮಾರು 45 ಜಿಬಿ ಬೇಕಾಗುವುದರಿಂದ 128 ಜಿಬಿಯ ಕಾರ್ಡ್ ಮೂರು ಗಂಟೆಯೊಳಗೇ ತುಂಬುತ್ತದೆ.

ಮಳೆಗಾಲದ ಚೋರ್ಲಾಕ್ಕೆ ಹೊರಟವರಿಗೆ ಒಂದು ಮಾತು: ಮೈಕಿನ ತಂತಿಗಾಗಲಿ, ಪವರ್ ಬ್ಯಾಂಕಿಗಾಗಲಿ ಕ್ಯಾಮೆರಾದ ಪಕ್ಕದ ಬಾಗಿಲು ತೆರೆದಿಟ್ಟರೆ ನೀರು ಒಳಗಿಳಿಯುತ್ತದೆ. ಆಗ ಬಾಗಿಲು ಮುಚ್ಚಿಯೇ ಇಟ್ಟು, ಚಾರ್ಜ್ ಮಾಡಿದ ಬ್ಯಾಟರಿಗಳನ್ನು ಜೊತೆಗೊಯ್ದು, ಮೈಕನ್ನು ರೇನ್‌ಕೋಟಿನ ಒಳಜೇಬಿನಲ್ಲಿರುವ ಮೊಬೈಲಿಗೆ ಜೋಡಿಸಿ ಧ್ವನಿಯನ್ನು ಅದರಲ್ಲಿಯೇ ಮುದ್ರಿಸಿಕೊಳ್ಳಬೇಕು. ಎರಡನ್ನೂ ಚಾಲೂ ಮಾಡಿದ ಮೇಲೆ ಕ್ಯಾಮೆರಾದ ಎದುರು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದರೆ, ಎಡಿಟಿಂಗ್ ಮಾಡುವಾಗ ಆ ಸದ್ದಿನ ಗುರುತು ಹಿಡಿದು ಚಿತ್ರವನ್ನೂ ಧ್ವನಿಯನ್ನೂ ಹೊಂದಿಸಬಹುದು.